ಹಸಿರು ಚುಕ್ಕಿ ಇಳಿಯುವವರೆಗೆ ಕೋಲ್ಕತ್ತದಲ್ಲಿ

ಕೋಲ್ಕತ್ತದ ನೆಲದಡಿಯ ರೈಲು ಬಂದಾಗ ನಾನು ಕೈ ಅಡ್ಡ ಹಿಡಿದು ನಿಂತಿದ್ದೆ. ಹುಮನಾಬಾದ್–ಬಸವಕಲ್ಯಾಣದ ದಾರಿಯಲ್ಲಿ ಕೈ ಮಾಡಿದರೆ ಡ್ರೈವರ್ ಬೈಯುತ್ತಲೇ ಬಸ್ಸು ನಿಲ್ಲಿಸುತ್ತಾನೆ. ಇಲ್ಲಿ ಬಾಗಿಲು ತಾನೇ ತೆರೆಯಿತು. ಮೊಮ್ಮಗಳು ರೇಣುಕಾ ಒಳಗೆ ಹೋದಳು. ಡ್ರೈವರನಿಗೊಂದು ನಮಸ್ಕಾರ ಹೇಳೋಣವೆಂದು ನಾನು ಮುಂದೆ ನೋಡುವಷ್ಟರಲ್ಲಿ ಬಾಗಿಲು ತಾನೇ ಮುಚ್ಚಿತು. ಗಾಜಿನಾಚೆ ಅವಳು, ಈಚೆ ನಾನು, ರೈಲು ಹೋಗೇಬಿಟ್ಟಿತು!

ಮರುರೈಲಿಗೆ ವಾಪಸ್ ಬಂದವಳು ನಗುತ್ತ ಬೈದಳು: "ಮುತ್ಯಾ, ಇಲ್ಲಿ ಯಾರಿಗೂ ಕೈ ಮಾಡಬ್ಯಾಡ. ಸುಮ್ಮ ಒಳಗ ನುಗ್ಗು!"

ನಮ್ಮೂರು ನಿರ್ಣಾದ ಕುರಿ ಕಾಯುವ ಮನೆಯ ಹುಡುಗಿ ಇಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುತ್ತಾಳೆ ಎಂದು ಬರೆದು, ನಾಲ್ಕನೆಯ ಇಯತ್ತೆ ದಾಟದ ನಾನು ಹಿಗ್ಗಿನಿಂದ ಮತ್ತೆ ಮತ್ತೆ ಓದಿಕೊಳ್ಳುತ್ತೇನೆ. ಅವಳಿಗೆ ಟೈಫಾಯ್ಡ್ ಆದಾಗ ರೊಟ್ಟಿ ಬಡಿದು ಹಾಕಲು ಬಂದವನು ಇಲ್ಲೇ ಉಳಿದೆ. ಕುರಿಯ ಹಿಂದೆ ಅಡವಿ ತಿರುಗಿದವರಿಗೆ ರೊಟ್ಟಿ ಬರುತ್ತದಲ್ಲ.

ಅಲ್ಲಿ ಬೆಳಗಾದರೆ ರೊಟ್ಟಿಯ ಸಪ್ಪಳ, ಇಲ್ಲಿ ಸಾಸಿವೆ ಎಣ್ಣೆಯಲ್ಲಿ ಮೀನಿನ ಸಪ್ಪಳ. ಮೊದಮೊದಲು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಮನೆಯೊಡತಿ ನನ್ನನ್ನು 'ದಾದು' ಎನ್ನುತ್ತಾರೆ, ಅಂದರೆ ಮುತ್ಯಾ, ಅಜ್ಜ. ಈಗ ಓಣಿಯ ಚುರುಮುರಿಯವನಿಗೆ 'ಏಕ್ಟು ಝಾಲ್', ಸ್ವಲ್ಪ ಖಾರ, ಎಂದು ನಾನೇ ಹೇಳಬಲ್ಲೆ! ಆದರೂ ಕುರಿಯಿಲ್ಲದ ಮಧ್ಯಾಹ್ನ ಕಾಲು ನಿಲ್ಲುವುದಿಲ್ಲ. ಓಣಿಯ ತುದಿಗೆ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ.

ಒಂದು ದಿನ ರೇಣುಕಾ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದಳು. ಇಲಿಯ ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿಯ ಗಡ್ಡೆ. ಕೆಂಪು ಗೆರೆ ರಕ್ತನಾಳ; ಹಸಿರು ಚುಕ್ಕಿ ರೋಗದೊಡನೆ ಬಡಿದಾಡುವ ಕಣ.

"ಹಸಿರು ರಸ್ತೇದಾಗೇ ಅದಾವಲ್ಲವ್ವಾ? ಇಳಿದು ಗಡ್ಡಿಗಿ ಬಡೀಬೇಕಲ್ಲ?"

"ಅದೇ ಫಜೀತಿ ಮುತ್ಯಾ. ಚೊಲೊ ನಾಳದ ಗ್ವಾಡಿಗಿ ಕೊಂಡಿ ಇರ್ತಾವ. ಕಣ ಹಿಡಕೊಂಡು ನಿಂತು, ಸಂದಿ ಹಾದು ಹೊರಗ ಹೋಗ್ತಾವ. ಈ ಗಡ್ಡಿ ಕೊಂಡಿ ಕಮ್ಮಿ ಮಾಡ್ಯಾದ, ಕೆಲವು ನಾಳ ಹಿಚುಕಿನೂ ಇಟ್ಟದ."

"ಅಂದ್ರ ಕೈ ಮಾಡೋರೇ ಇಲ್ಲ!"

"ಹೌದಪ್ಪಾ, ನಿನ್ನಂಥವರು ಬೇಕಾಗ್ಯಾರ ಅಲ್ಲಿ," ಎಂದು ಛೇಡಿಸಿದಳು.

ಕೊಂಡಿ ಮತ್ತೆ ಮೂಡಿಸುವ ಔಷಧ ಹುಡುಕುವುದೇ ಅವಳ ಕೆಲಸ. ಹಿಂದಿನ ಪ್ರಯತ್ನಗಳು ಸೋತಿದ್ದವು. ಈ ಸಲವೂ ಸೋತರೆ ಕೆಲಸ ನಿಲ್ಲಿಸುವುದೆಂದು ಅವಳ ಲ್ಯಾಬಿನ ಮೇಡಂ ಹೇಳಿದ್ದರು. ನಿಂತರೆ ನಾವು ಊರಿಗೆ. ಊರೆಂದರೆ ನನ್ನ ಎದೆ ಹಿಗ್ಗುತ್ತಿತ್ತು. ಹುಡುಗಿ ಊಟ ಬಿಟ್ಟು ಕೂತದ್ದನ್ನು ಕಂಡು ಹಿಗ್ಗಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಮೊನ್ನೆ ಮಧ್ಯಾಹ್ನ ಫೋನ್ ಬಂತು. "ಮುತ್ಯಾ, ಇಳದಾವ! ಹಸಿರು ಹೊರಗ ಇಳದಾವ!"

"ಗಡ್ಡಿ ಹೋತೇನವ್ವಾ?"

"ಇಲ್ಲೋ. ಬರೇ ಇಲಿಯೊಳಗ, ಬರೇ ಹಾದಿ ತೆರದದ. ಮನಷ್ಯಾರಿಗಿ ಇನ್ನಾ ಭಾಳ ದೂರ. ಆದ್ರ ಮೇಡಂ ಕೆಲಸ ಮುಂದುವರಸು ಅಂದಾರ!"

ನಾನು ಅಂಗಳದಲ್ಲಿ ಕುಣಿದೇಬಿಟ್ಟೆ. ಮನೆಯೊಡತಿ ಗಾಬರಿಯಾಗಿ ಬಂದರೆ ಅವರ ಕೈಯಲ್ಲಿ ಖಾರದ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಇಟ್ಟೆ. ಆಮೇಲೆ ನಿರ್ಣಾದಲ್ಲಿರುವ ತಮ್ಮನಿಗೆ ಫೋನ್ ಹಚ್ಚಿದೆ.

"ಈ ಸಲ ಕುರಿ ಉಣ್ಣೆ ನೀನೇ ಕತ್ತರಸು. ನನ್ನ ಕರಿ ಟಗರು ಮಾತ್ರ ಮಾರಬ್ಯಾಡ."

"ನೀ ಯಾವಾಗ ಬರ್ತಿ ಅಣ್ಣಾ?"

"ಹುಡುಗಿ ಗೆದ್ದಾಳಲೇ!" ಎಂದೆ.

"ನಾ ಅದು ಕೇಳ್ಲಿಲ್ಲಲ್ಲೋ," ಎಂದ.