ಚುರುಮುರಿ, ಬೆಟ್ಟ ಮತ್ತು ಕಾಣೆಯಾದ ಅವ್ವ

ಮೊನ್ನೆ ಭಾನುವಾರ ಬೆಳಗ್ಗೆ ಮೇಲುಕೋಟೆಯ ಲಾಡ್ಜೊಂದರ ಬಾತ್‌ರೂಮಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಹೊರಗಿನಿಂದ ಹೆಂಡತಿ ಗೀತಾ ಬಾಗಿಲು ಬಡಿದಳು.

‘ರೀ, ಅತ್ತೆ ಕಾಣಿಸ್ತಿಲ್ಲ!’

‘ಇಲ್ಲೇ ಎಲ್ಲೋ ಇರ್ತಾಳೆ, ನೋಡು.’

‘ನೋಡಾಯ್ತು. ಚಪ್ಪಲಿ ಇಲ್ಲ. ಫೋನ್ ಮಾತ್ರ ದಿಂಬಿನ ಕೆಳಗಿದೆ.’

ಎದ್ದು ಓಡಬೇಕಾದ ಮಗ ಎದ್ದು ಓಡುವ ಸ್ಥಿತಿಯಲ್ಲಿ ಇರಲಿಲ್ಲ. ಯಾಕೆ ಅಂತ ಹೇಳುತ್ತೇನೆ. ನಾಚಿಕೆಯ ವಿಷಯವೇ. ಆದರೆ ವಾರ ವಾರ ನಿಮ್ಮ ಮುಂದೆ ನಾಚಿಕೆ ಬಿಟ್ಟು ಕೂರುವುದು ನನಗೇನು ಹೊಸದೇ?

ಇದೆಲ್ಲ ಶುರುವಾದದ್ದು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಫಿಸಿಕ್ಸ್ ಮೇಡಂ ದಸರಾ ರಜೆಯಲ್ಲಿ ಥಾಯ್ಲೆಂಡಿಗೆ ಹೋಗಿ ಬಂದಿದ್ದರು. ‘ಸಂಜೆ ಸಿಟಿ ಬೀದೀಲಿ ತಿನ್ನೋದು, ಬೆಳಗ್ಗೆ ಬೆಟ್ಟದ ಕಾಡಲ್ಲಿ ನಡೆಯೋದು. ಅದು ಸರ್ ಲೈಫು’ ಅಂತ ಫೋಟೋ ಮೇಲೆ ಫೋಟೋ ತೋರಿಸಿದರು. ನಾನೋ, ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ ಪಾಂಡವಪುರದಲ್ಲಿ ಇಳಿಯುವವನು, ಸಂಜೆ ಪಾಂಡವಪುರದಲ್ಲಿ ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿಯುವವನು. ನನ್ನ ವಿದೇಶ ಪ್ರವಾಸ ಅಂದರೆ ನಾಗಮಂಗಲಕ್ಕೆ ಎಲೆಕ್ಷನ್ ಡ್ಯೂಟಿಗೆ ಹೋದದ್ದು. ಹೊಟ್ಟೆ ಉರಿಯಿತು. (ಆ ಉರಿ ಬೇರೆ. ಆಮೇಲೆ ಬಂದ ಉರಿ ಬೇರೆ.)

ಥಾಯ್ಲೆಂಡೇ ಯಾಕೆ? ಬೀದಿ ತಿಂಡಿಗೆ ಮೈಸೂರಿದೆ. ಬೆಟ್ಟಕ್ಕೆ ಮೇಲುಕೋಟೆಯಿದೆ. ಪಾಸ್‌ಪೋರ್ಟೂ ಬೇಡ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವುದೂ ಬೇಡ. ಶನಿವಾರ ಸಂಜೆ ಮೈಸೂರಲ್ಲಿ ಹೊಟ್ಟೆ ತುಂಬ ತಿನ್ನುವುದು, ಮೇಲುಕೋಟೆಗೆ ಬಂದು ಮಲಗುವುದು, ಬೆಳಗ್ಗೆ ಕಾಡಿನಲ್ಲಿ ನಡೆದು ತಿಂದದ್ದನ್ನೆಲ್ಲ ಕರಗಿಸುವುದು. ಎಂಥ ವೈಜ್ಞಾನಿಕ ಯೋಜನೆ! ಟ್ರೆಕ್ಕಿಂಗ್ ಶೂ ಕೊಂಡೆ. ಮಡಚಿಡುವ ಊರುಗೋಲು ಕೊಂಡೆ. ಅಂಚು ಅಗಲವಾದ ಟೋಪಿಯನ್ನೂ ಕೊಂಡೆ. ಗೀತಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ವಾಪಸ್ ಬರೋದು ಯಾವಾಗ, ಮುಂದಿನ ವರ್ಷಾನಾ?’ ಅಂದಳು.

ಮಕ್ಕಳು ಹಾಸ್ಟೆಲಿನಲ್ಲಿದ್ದಾರೆ. ಉಳಿದವಳು ಅವ್ವ. ಮಾಕವಳ್ಳಿಯಲ್ಲಿ ಹುಟ್ಟಿ, ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದು, ಅಪ್ಪ ಹೋದ ಮೇಲೆ ನಮ್ಮ ಜೊತೆ ಇರುವವಳು. ಎಪ್ಪತ್ತು ದಾಟಿದೆ. ಅವಳೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ. ಯಾಕೆ ಬಿಡುವಂತಿಲ್ಲ? ಆ ಪ್ರಶ್ನೆ ಅವತ್ತು ನನ್ನ ತಲೆಗೆ ಹೊಳೆಯಲೇ ಇಲ್ಲ. ‘ನೀನೂ ಬಾರವ್ವ’ ಅಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

ಮೈಸೂರಿನಲ್ಲಿ ಅವ್ವ ಕಾರಿನಿಂದ ಇಳಿಯಲೇ ಇಲ್ಲ. ‘ಬೀದೀಲಿ ನಿಂತ್ಕಂಡು ತಿಂದ್ರೆ ನೋಡ್ದೋರು ಏನಂದಾರು? ನೀವು ತಿನ್ಕಬನ್ನಿ.’

‘ಇಲ್ಲಿ ನಿನ್ನ ಯಾರವ್ವ ನೋಡ್ತಾರೆ?’

ಅವ್ವ ಬೀದಿಯ ಆ ತುದಿ ಈ ತುದಿ ನೋಡಿದಳು. ‘ಅದೂ ದಿಟವೇಯ. ನನ್ನ ಯಾರು ನೋಡಾರು!’ ಅಂದವಳು ಬಾಗಿಲು ತೆಗೆದು ಇಳಿದೇಬಿಟ್ಟಳು. ತಳ್ಳುಗಾಡಿಯ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತು, ಚುರುಮುರಿಯನ್ನು ಒಂದು ಬಾಯಿಗೆ ಹಾಕಿಕೊಂಡು, ‘ಇನ್ನೊಂಚೂರು ಕಾರ ಆಕಪ್ಪ’ ಅಂದಳು.

ನಾನು ಮಾತ್ರ ಉಪದೇಶ ನಿಲ್ಲಿಸಲಿಲ್ಲ. ಅವ್ವ, ಪಾನಿ ಕುಡೀಬೇಡ. ಅವ್ವ, ಬಜ್ಜಿ ಒಂದೇ ಸಾಕು. ಅವ್ವ, ಗೋಬಿ ನಿನಗೆ ಆಗಲ್ಲ. ಹೀಗೆ ಅವಳ ಕೈಯಿಂದ ತಪ್ಪಿಸಿದ್ದನ್ನೆಲ್ಲ ನಾನೇ ತಿಂದೆ. ಎಸೆಯೋಕಾಗುತ್ತಾ? ನನ್ನ ಪಾಲಿನದು ತಿಂದೆ, ಅವಳ ಪಾಲಿನದೂ ತಿಂದೆ, ಗೀತಾ ಸಾಕು ಅಂತ ಬಿಟ್ಟದ್ದನ್ನೂ ತಿಂದೆ. ಗಾಡಿಯವರ ತಪ್ಪು ಏನೂ ಇಲ್ಲ. ಮೂವರ ಹೊಟ್ಟೆಗೆ ಹೋಗಬೇಕಾದದ್ದು ಒಬ್ಬನ ಹೊಟ್ಟೆಗೆ ಹೋದರೆ ಆ ಹೊಟ್ಟೆ ತಾನೆ ಏನು ಮಾಡೀತು?

ಮಲಗುವ ಮುಂಚೆ ಇನ್ನೊಂದು ಉಪದೇಶ ಕೊಟ್ಟೆ. ‘ನಾಳೆ ಬೆಟ್ಟಕ್ಕೆ ನಾವಿಬ್ಬರೇ ಹೋಗ್ತೀವಿ ಕಣವ್ವ. ನಿನ್ನ ಮಂಡಿಗೆ ಅದೆಲ್ಲ ಆಗಲ್ಲ. ರೂಮಲ್ಲಿ ಟೀವಿ ಇದೆ.’

‘ಆಯ್ತು ಬುಡು’ ಅಂದಳು ಅವ್ವ. ಈ ‘ಆಯ್ತು ಬುಡು’ಗೆ ನಮ್ಮ ಕಡೆ ಎಷ್ಟು ಅರ್ಥ ಇದೆ ಅಂತ ನಿಮಗೆ ಗೊತ್ತಲ್ಲ. ಒಪ್ಪಿಗೆ ಅನ್ನುವುದೊಂದನ್ನು ಬಿಟ್ಟು ಮಿಕ್ಕ ಎಲ್ಲ ಅರ್ಥವೂ ಇದೆ.

ಅಂತೂ ಬಾತ್‌ರೂಮಿನಿಂದ ಹೊರಗೆ ಬಂದು, ಶೂ ಟೋಪಿ ಹಾಕಿಕೊಂಡು, ಊರುಗೋಲೂ ನೀರಿನ ಬಾಟಲಿಯೂ ಎತ್ತಿಕೊಂಡೆ. ಗೀತಾಳನ್ನು ದೇವಸ್ಥಾನದ ಮೆಟ್ಟಿಲ ಕಡೆ ಕಳಿಸಿದೆ. ನಾನು ರಸ್ತೆಗೆ ಬಂದು ಟೀ ಅಂಗಡಿಯವನನ್ನು ಕೇಳಿದೆ.

‘ಹಸಿರು ಸೀರೆ ಅಜ್ಜೀನಾ? ಇಲ್ಲೇ ಟೀ ಕುಡುದ್ರಲ್ಲ. ಬೆಟ್ಟದ್ ಮ್ಯಾಲಿನ ಧನುಷ್ಕೋಟಿಗೆ ದಾರಿ ಯಾವ್ದು ಅಂದ್ರು, ತೋರುಸ್ದೆ. ಓದ್ರು.’

‘ಒಬ್ಬರೇನಾ? ಕಾಡಿನ ದಾರಿ ಅಲ್ವೇನ್ರೀ ಅದು?’

‘ಊಂ ಸಾ. ನಾನೂ ಅಂದೆ, ಅಜ್ಜಿ, ಚಿರತೆ ಓಡಾಡ್ತವೆ, ಬಿಸ್ಲು ಬಂದ್ಮ್ಯಾಕೆ ಓಗಿ ಅಂತ. ಅದ್ಕೂ ವಯಸ್ಸಾಗಿರ್ತದೆ ಬುಡಪ್ಪ ಅಂದ್ಬುಟ್ಟು ಓದ್ರು.’

ಅವನು ನಕ್ಕ. ಆಸುಪಾಸಿನಲ್ಲಿ ಚಿರತೆ ಕರು ಹೊತ್ತುಕೊಂಡು ಹೋದ ಸುದ್ದಿಯನ್ನು ದಿನಾ ಕಾಫಿ ಕುಡಿಯುತ್ತಾ ಓದುವವನು ನಾನು. ಅವತ್ತು ಆ ಸುದ್ದಿಗಳೆಲ್ಲ ಒಟ್ಟಿಗೆ ನೆನಪಾದವು. ಓಡಿದೆ. ಹೊಸ ಶೂ ಹಿಮ್ಮಡಿ ಕಚ್ಚಿತು. ಊರುಗೋಲು ಮಡಚಿದ್ದು ಬಿಚ್ಚಲೇ ಇಲ್ಲ, ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಿದೆ. ಬಂಡೆ, ಪೊದೆ, ಮತ್ತೆ ಬಂಡೆ. ಎಲ್ಲೂ ಹಸಿರು ಸೀರೆ ಇಲ್ಲ. (ಕಾಡಿನಲ್ಲಿ ಹಸಿರು ಸೀರೆ ಹುಡುಕುವುದು ಎಂಥ ಕರ್ಮ ಅಂತ ಯೋಚಿಸಿ.) ಯಾವುದೋ ಕಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರೆ? ಕೂಗಿದರೂ ಯಾರಿಗೆ ಕೇಳುತ್ತದೆ? ನಿಜಕ್ಕೂ ಅಳು ಬಂತು. ಐವತ್ತು ವರ್ಷದ ಗಂಡಸು, ಅಂಚು ಅಗಲವಾದ ಟೋಪಿ ಹಾಕಿಕೊಂಡು, ‘ಅವ್ವಾ! ಅವ್ವಾ!’ ಅಂತ ಅರಚುತ್ತಾ ಓಡುತ್ತಿದ್ದೆ.

ಅಷ್ಟರಲ್ಲಿ ಮೈಸೂರು ಮತ್ತೆ ನೆನಪಾಯಿತು. ನನಗಲ್ಲ, ಹೊಟ್ಟೆಗೆ.

ತಾಯಿ ಕಾಣೆಯಾದಾಗ ಕೂಡ ಹೊಟ್ಟೆ ಕಾಯುವುದಿಲ್ಲ. ನೀರಿನ ಬಾಟಲಿ ಹಿಡಿದು ಲಂಟಾನ ಪೊದೆಯ ಹಿಂದೆ ಓಡಿದೆ. ಕೂತೆ. ಕೂತಲ್ಲಿಂದಲೇ ಕೂಗುವುದು ಮಾತ್ರ ಬಿಡಲಿಲ್ಲ. ‘ಅವ್ವಾ!’

‘ಯಾಕ್ಲಾ ಅಂಗ್ ಬಡ್ಕತಿದ್ದೀಯೆ?’

ದನಿ ಬಂದದ್ದು ತಲೆಯ ಮೇಲಿನಿಂದ. ಕತ್ತೆತ್ತಿ ನೋಡಿದೆ. ಮೇಲಿನ ಬಂಡೆಯ ಮೇಲೆ ಅವ್ವ ಕಾಲು ಚಾಚಿಕೊಂಡು ಕೂತಿದ್ದಾಳೆ. ಅವಳಿಗೆ ನಾನು ಚೆನ್ನಾಗಿ ಕಾಣುತ್ತಿದ್ದೇನೆ.

‘ಮೊದ್ಲು ಮುಗುಸ್ಕಂಡ್ ಬಾ. ಆಮ್ಯಾಕೆ ಮಾತಾಡಣ’ ಅಂದು ಮುಖ ಆ ಕಡೆ ತಿರುಗಿಸಿದಳು.

ಹತ್ತಿರ ಹೋದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಅವಮಾನ ಆದಾಗ ಗಂಡಸರಿಗೆ ಸಿಟ್ಟೇ ಬರುವುದಲ್ಲವೇ? ‘ಒಂದು ಮಾತು ಹೇಳಿ ಬರೋಕಾಗಲ್ವೇನವ್ವ? ಚಿರತೆ ಇದ್ದಾವೆ ಇಲ್ಲಿ. ಜೀವ ಹೋಯ್ತು ನಂದು.’

‘ಯೋಳಿದ್ರೆ ನೀನೂ ಬತ್ತಿದ್ದೆ.’

ಪಕ್ಕದಲ್ಲಿ ಕೂತೆ. ಕೆಳಗೆ ಗದ್ದೆ ಬಯಲು, ಅಲ್ಲೊಂದು ಇಲ್ಲೊಂದು ಕೆರೆ, ಬೆಳಗಿನ ಮಂಜು. ಅವ್ವ ಅದನ್ನೇ ನೋಡುತ್ತಾ ಮಾತಾಡಿದಳು. ಬೇಜಾರಿನಿಂದಲ್ಲ. ಯಾರದೋ ಸಮಾಚಾರ ಹೇಳುವವಳ ಹಾಗೆ.

‘ಚಿಕ್ಕೋಳಿದ್ದಾಗ ಎಲ್ಲಿಗೋದ್ರೂ ನಮ್ಮಪ್ಪನೋ ಅಣ್ಣನೋ ಇಂದೆ ಬರೋರು. ಆಮ್ಯಾಕೆ ನಿಮ್ಮಪ್ಪ. ಅವರೋದ್ಮ್ಯಾಕೆ ನೀನು. ಸಂತೆಗೋದ್ರೂ ಒಬ್ಬ, ಆಸ್ಪತ್ರೆಗೋದ್ರೂ ಒಬ್ಬ. ನಿಮ್ಮಪ್ಪ ಒಳ್ಳೆಯೋರೇ, ನೀನೂ ಒಳ್ಳೆಯೋನೇ ಕಣ್ ಮಗ. ಇಲ್ಲ ಅನ್ನಲ್ಲ. ಆದ್ರೂ ಒಂದ್ ಕಿತ, ಒಂದೇ ಒಂದ್ ಸಲನಾರ ನನ್ ಪಾಡ್ಗೆ ನಾನು ನಡ್ಕಂಡೋಗ್ಬೇಕು ಅನ್ನುಸ್ತಿತ್ತು. ನಿನ್ನೆ ಮೈಸೂರಲ್ಲಿ ಕಾರಿಂದ ಇಳುದ್ನಲ್ಲ, ಯಾರೂ ನನ್ ಮಕ ನೋಡ್ನಿಲ್ಲ. ಧೈರ್ಯ ಬಂದ್ಬುಡ್ತು.’

‘ಮಂಡಿ ನೋಯಲಿಲ್ವಾ?’

‘ನೋಯ್ತು. ಕೂತ್ಕಂಡೆ. ಕೂತ್ಕೊ ಅಂತ ಯೋಳೋರು ಯಾರೂ ಇರ್ನಿಲ್ಲ, ಅದ್ಕೇ ಚೆಂದಾಗಿತ್ತು.’

ಯೋಚಿಸಿ ನೋಡಿ. ನಾನು ಬ್ಯಾಗು ಹಿಡಿದು ಹೊರಟರೆ ಜನ ಕೇಳುವುದು ‘ಎಲ್ಲಿಗೆ?’ ಅಂತ. ಅವ್ವ ಹೊರಟರೆ, ಗೀತಾ ಹೊರಟರೆ ಕೇಳುವುದು ‘ಯಾರ ಜೊತೆ?’ ಅಂತ. ನಾನೂ ಅದನ್ನೇ ಕೇಳುತ್ತೇನೆ, ದಿನಾ ಕೇಳುತ್ತೇನೆ. ಅದಕ್ಕೆ ಕಾಳಜಿ ಅಂತ ಹೆಸರಿಟ್ಟುಕೊಂಡಿದ್ದೇನೆ. ಅವಳು ಇಷ್ಟು ವರ್ಷ ಕಾದು ಕದ್ದುಕೊಂಡ ಒಂದು ಬೆಳಗನ್ನೂ ನಾನು ಹೀಗೆ ಅರಚಿ, ಪೊದೆಯ ಹಿಂದೆ ಕೂತು ಹಾಳು ಮಾಡಿದ್ದೆ.

ಅವ್ವ ಸೆರಗು ಕೊಡವಿ ಎದ್ದಳು. ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು.

‘ನಾನ್ ಇಳೀತೀನಿ. ನೀನು ವಸಿ ತಡುದ್ ಬಾ.’

ತಡೆದೆ. ತುಂಬಾ ಕಷ್ಟದ ಕೆಲಸ ಅದು. ಅವಳು ಕಲ್ಲಿನಿಂದ ಕಲ್ಲಿಗೆ ಕಾಲಿಡುವಾಗಲೆಲ್ಲ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡೆ. ತಿರುವಿನಲ್ಲಿ ಒಮ್ಮೆ ನಿಂತಳು. ನನ್ನನ್ನು ಕರೆಯುತ್ತಾಳೆ ಅಂದುಕೊಂಡೆ. ಇಲ್ಲ. ಯಾವುದೋ ಹಕ್ಕಿ ನೋಡಿ, ಮುಂದೆ ಹೋದಳು. ಹಸಿರು ಸೀರೆ ಗಿಡಗಳ ನಡುವೆ ಕರಗಿತು. ಆದರೂ ಕೂತೇ ಇದ್ದೆ. ಇಡೀ ರಜೆಯಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ, ಸುಮ್ಮನೆ ಕೂತದ್ದು.

ನಾನು ಕುಂಟುತ್ತಾ ಇಳಿದು ಬರುವಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ಟೀ ಅಂಗಡಿಯ ಬೆಂಚಿನ ಮೇಲಿದ್ದರು. ಗೀತಾಳ ಕಣ್ಣು ಇನ್ನೂ ಕೆಂಪಗಿತ್ತು. ಅತ್ತೆಗೆ ಬೈದು ಮುಗಿಸಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ ಅವಳು ಮೆಲ್ಲಗೆ ಕೇಳುತ್ತಿದ್ದದ್ದೇ ಬೇರೆ.

‘ಒಬ್ಬರೇ ಇದ್ದಾಗ ಹೇಗಿತ್ತು ಅತ್ತೆ?’

ಅವ್ವ ಏನೋ ಹೇಳಲು ಬಾಯಿ ತೆರೆದಳು. ನನ್ನನ್ನು ನೋಡಿದಳು. ಲೋಟ ಎತ್ತಿದಳು. ಇಬ್ಬರೂ ಟೀ ಲೋಟದೊಳಗೆ ನಗುತ್ತಿದ್ದರು.

ಮನೆಯವರಿಗೊಂದು ರಜೆ ಬೇಕು ಅಂತ ನಾನೇನೋ ಕರೆದುಕೊಂಡು ಹೋದೆ. ಅವರಿಗೆ ರಜೆ ಬೇಕಿದ್ದದ್ದು ಮನೆಯಿಂದಲೋ, ನನ್ನಿಂದಲೋ?