ನಾಲ್ಕು ಬಾಗಿಲ ಇಗರ್ಜಿ

ಉಂಬ್ರಿಯಾದ ಆ ಗುಡ್ಡದೂರಿನಲ್ಲಿ ಒರ್ಸೊಲಾ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಇಗರ್ಜಿ ಬಾಗಿಲ ಎಡಗಡೆ, ಕಲ್ಲಿನ ಮೇಲೆ. ಅವಳ ತಾಯಿ ಅಲ್ಲೇ ಕೂತು ಮೇಣದಬತ್ತಿ ಮಾರಿದ್ದಳು. ಒರ್ಸೊಲಾ ಅಂಬೆಗಾಲಿಟ್ಟದ್ದು, ಗಂಡನಾಗುವವನನ್ನು ಮೊದಲು ಕಂಡದ್ದು, ಅವನನ್ನು ಮಣ್ಣು ಮಾಡಿ ಬಂದು ಮತ್ತೆ ಬುಟ್ಟಿ ಬಿಚ್ಚಿದ್ದು ಎಲ್ಲವೂ ಅಲ್ಲೇ. ಬಾಗಿಲು ಒಂದೇ, ದೇವರ ಹತ್ತಿರ ಹೋಗುವವರು ಅವಳನ್ನು ದಾಟಿಯೇ ಹೋಗಬೇಕು. ಇದಕ್ಕಿಂತ ಒಳ್ಳೆಯ ಜಾಗ ಸ್ವರ್ಗದಲ್ಲಿ ಮಾತ್ರ ಉಂಟು, ಅಲ್ಲಿ ಬಾಗಿಲು ಕಾಯುತ್ತ ಸಂತ ಪೇತ್ರ ಕೂತುಬಿಟ್ಟಿದ್ದಾನೆ.

ಹೀಗಿರುವಾಗ ಊರಿನ ಕಟ್ಟಡದ ಮೇಸ್ತ್ರಿ ಮಾಫಿಯೊ ರೋಮ್ ನೋಡಿಕೊಂಡು ಬಂದ. ಹಳೆಯ ಇಗರ್ಜಿ ಕೆಡವಿ, ಪುರಾತನ ರೋಮನ್ನರ ಗುಡಿಯಂತೆ ಹೊಸದು ಎಬ್ಬಿಸಿದ. ನಡುವೆ ಗುಮ್ಮಟ, ನಾಲ್ಕು ಕಡೆಗೂ ಒಂದೇ ಅಳತೆಯ ಕಂಬ, ಕಮಾನು, ಬಾಗಿಲು. ಮುಖ ಯಾವುದು, ಬೆನ್ನು ಯಾವುದು ಎಂದು ಕಟ್ಟಿದವನಿಗೂ ತಿಳಿಯದು.

"ಮೇಸ್ತ್ರಿಗಳೇ, ನಾನೆಲ್ಲಿ ಕೂತ್ಕೊಳ್ಲಿ?"

"ಎಲ್ಲಾದ್ರೂ ಕೂತ್ಕೊಳಮ್ಮ. ನಾಲ್ಕೂ ಒಂದೇ. ಪುರಾತನರ ಸೊಗಸೇ ಅದು."

"ನಿಮ್ಮ ಪುರಾತನರ ಮನೇಲಿ ಹೊಟ್ಟೆಪಾಡಿಗೆ ಯಾರೂ ಏನೂ ಮಾರ್ತಿರ್ಲಿಲ್ವಾ?"

ಬಾವಿ ಕಡೆ ಕೂತರೆ ಜನ ಸಂತೆ ಕಡೆಯಿಂದ ನುಗ್ಗಿದರು. ಸಂತೆ ಕಡೆ ಕೂತ ದಿನ ಹೆಣ ಬಾವಿ ಕಡೆಯಿಂದ ಬಂತು, ಮದುವೆ ಹಿತ್ತಲಿನಿಂದ ಬಂತು. ಬುಟ್ಟಿ ಹೊತ್ತು ಇಗರ್ಜಿ ಸುತ್ತುವವಳನ್ನು ಕಂಡು, "ಏನು ಒರ್ಸೊಲಕ್ಕ, ಹರಕೆ ಪ್ರದಕ್ಷಿಣೆಯಾ?" ಎಂದು ಕೇಳುವವರು ಬೇರೆ. ಅವಳ ತಲೆ ಚಿಟ್ಟು ಹಿಡಿಯಿತು.

ಫೆಬ್ರವರಿಯಲ್ಲಿ ಮೇಣದಬತ್ತಿ ಹಬ್ಬ ಬಂತು. ಹಚ್ಚಿದ ಬತ್ತಿ ಪೀಠ ಮುಟ್ಟುವ ಮುಂಚೆ ಆರಿದರೆ ಆ ವರ್ಷ ಮನೆಗೆ ಕೇಡು ಎಂದು ಊರಿನ ನಂಬಿಕೆ. ಮೆರವಣಿಗೆ ಒಳಗೆ ಕಾಲಿಟ್ಟದ್ದೇ ತಡ, ನಾಲ್ಕು ಬಾಗಿಲ ಗಾಳಿ ಗುಮ್ಮಟದಡಿ ಕೂಡಿಕೊಂಡಿತು. ಬತ್ತಿಗಳೆಲ್ಲ ಆರಿದವು.

"ಮೇಣಕ್ಕೆ ದನದ ಕೊಬ್ಬು ಬೆರ್ಸಿದಾಳೆ," ಎಂದಳು ರೊಟ್ಟಿ ಅಂಗಡಿಯ ನೆಂಚಾ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

ಒರ್ಸೊಲಾ ಜನರ ನಡುವೆ ನುಗ್ಗಿ ನೆಂಚಾಳ ಎದುರು ನಿಂತಳು. ಜಾಗ ಹೋದರೆ ಇನ್ನೊಂದು ಹುಡುಕಬಹುದು. ಬತ್ತಿ ಕಲಬೆರಕೆ ಎಂಬ ಮಾತು ಹುಟ್ಟಿದರೆ ನಾಲ್ಕಲ್ಲ, ನಲವತ್ತು ಬಾಗಿಲಿದ್ದರೂ ಕೂರುವಂತಿಲ್ಲ. "ಮೂಸಿ ನೋಡೇ, ಬೇಕಾದ್ರೆ ಕಚ್ಚಿ ನೋಡು," ಎಂದು ಬತ್ತಿ ಚಾಚಿದಳು. ನೆಂಚಾ ಮುಖ ತಿರುಗಿಸಿದಳು.

ಅಷ್ಟರಲ್ಲಿ ಪೀಠದ ಬಳಿ ಪಾದ್ರಿ ಪ್ಲಾಚಿಡೊ ಕೈಯಲ್ಲಿದ್ದ ಬತ್ತಿ ಮತ್ತೆ ಮತ್ತೆ ಆರಿ ಅವರ ತಾಳ್ಮೆಯೂ ಆರಿತು.

"ಮುಚ್ರೋ ಬಾಗ್ಲು! ನನ್ನ ಸೊಂಟ ಹಿಡ್ಕೊಳ್ತಿದೆ."

"ಸ್ವಾಮಿ, ಒಂದು ಮುಚ್ಚಿದ್ರೂ ಸಮತೂಕ ಕೆಡುತ್ತೆ," ಎಂದ ಮಾಫಿಯೊ. "ಪುರಾತನರು..."

"ಪುರಾತನರಿಗೆ ಸೊಂಟನೋವಿರ್ಲಿಲ್ಲ. ಮೂರು ಮುಚ್ಚು, ಒಂದು ಸಾಕು."

ತೆರೆದು ಉಳಿದದ್ದು ಪಾದ್ರಿಯ ಅಡುಗೆಮನೆ ಕಡೆಯದು. ಬತ್ತಿಗಳು ಮತ್ತೆ ಹತ್ತಿದವು, ಅಲುಗದೆ ಉರಿದವು. ನೆಂಚಾ ತನ್ನದನ್ನು ಎರಡು ಸಲ ಮೂಸಿ ಪೀಠದ ಕಡೆ ನಡೆದಳು.

ಮರುದಿನ ಮಾಫಿಯೊ ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ತಳ್ಳಿ ನೋಡಿ, ಕೊನೆಗೆ ಅಡುಗೆಮನೆ ಕಡೆಗೆ ಬಂದ. ಎಡಗಡೆಯಲ್ಲಿ ಒರ್ಸೊಲಾ ಬುಟ್ಟಿ ಬಿಚ್ಚಿ ಕೂತಿದ್ದಳು.

"ಬನ್ನಿ ಮೇಸ್ತ್ರಿಗಳೇ," ಎಂದಳು. "ಇದೇ ಮುಖ."