ಆಮೆನ್ ಹೇಳುವ ಕೆಲಸ

ನನ್ನ ಯಜಮಾನರ ಪ್ರಾರ್ಥನೆ ಉದ್ದ ಎನ್ನುವುದು ಟೆಕ್ಸಸ್ಸಿನ ಕನ್ನಡ ಕ್ರೈಸ್ತರಿಗೆಲ್ಲ ಗೊತ್ತಿದ್ದ ಸಂಗತಿ. ಎಲ್ಲ ಎಂದರೆ ಎಷ್ಟು ಮಂದಿ, ಹತ್ತು ಹನ್ನೆರಡು ಮನೆಗಳು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಒಮ್ಮೆ ಡಲ್ಲಾಸ್, ಒಮ್ಮೆ ಆಸ್ಟಿನ್ ಕಡೆಯ ರೌಂಡ್ ರಾಕ್, ಒಮ್ಮೆ ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿದ್ದ ನಮ್ಮ ಮನೆ. ಹಾಡು, ಬೈಬಲ್ ವಾಕ್ಯ ಓದುವುದು, ಆಮೇಲೆ ಊಟ. ಊಟಕ್ಕೆ ಮುಂಚಿನ ಪ್ರಾರ್ಥನೆ ಇವರದೇ ಎಂದು ಯಾರೂ ಹೇಳದೆಯೇ ಗೊತ್ತುಮಾಡಿದಂತಿತ್ತು. ಬೆಟಗೇರಿಯ ಬೋಧಕರೊಬ್ಬರ ಮಗ, ಬೈಬಲಿನ ಹಳೆಯ ಕನ್ನಡ ನಾಲಿಗೆಯ ತುದಿಯಲ್ಲೇ ಇತ್ತು. ವೀಸಾಕ್ಕೆ ಕಾಯುತ್ತಿರುವವರು, ಬಸುರಿಯರು, ಊರಿನ ಮಳೆ, ಎರಡೂ ದೇಶಗಳ ಸರ್ಕಾರ, ಒಬ್ಬರನ್ನೂ ಬಿಡದೆ ದೇವರ ಮುಂದೆ ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ಪಲಾವ್ ಆರಿ ತಣ್ಣಗಾಗುತ್ತಿತ್ತು.

ಆಸ್ಟಿನ್ನಿನಲ್ಲಿ ಎಂ.ಎಸ್. ಓದುತ್ತಿದ್ದ ನಮ್ಮ ಕಡೆಯ ಹುಡುಗರು, ಹೆಚ್ಚಿನವರು ಹಿಂದೂಗಳು, ಮನೆಯೂಟದ ಆಸೆಗೆ ಬರುತ್ತಿದ್ದರು. "ಆಂಟಿ, ಅಂಕಲ್ ಪ್ರೇಯರ್ ಮುಗಿಯೋಷ್ಟರಲ್ಲಿ ನಮ್ ಸೆಮಿಸ್ಟರ್ರೇ ಮುಗಿದೋಗುತ್ತೆ" ಎಂದು ಒಬ್ಬ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದ. ನಾನೂ ನಕ್ಕಿದ್ದೆ. ಹಾಗೆ ನೋಡಿದರೆ ಆ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚುತ್ತಲೇ ಇರಲಿಲ್ಲ. ಒಲೆ ಆರಿಸಬೇಕು, ಮಕ್ಕಳು ಗ್ಲಾಸು ಬೀಳಿಸದಂತೆ ನೋಡಬೇಕು. ಮನೆಗೊಬ್ಬರು ಪ್ರಾರ್ಥಿಸಿದರೆ ಸಾಕು ಅನ್ನುವ ಜಾತಿಯವಳು ನಾನು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅವರ ಗಂಟಲು ಕಟ್ಟಿತು. ಶುಂಠಿ ಕಷಾಯ, ಉಪ್ಪುನೀರು, ಜ್ಯೇಷ್ಠಮಧು ಎಲ್ಲ ಆಯಿತು. ಕಡೆಗೆ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ, ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್, ಪೂರ್ತಿ ತೆಗೆಯಬೇಕು ಎಂದರು. ಬೀಡಿ ಸಿಗರೇಟು ಮುಟ್ಟಿ ಅರಿಯದ ಮನುಷ್ಯ. ಮೂರೂ ಊರುಗಳ ನಮ್ಮ ಮಂದಿ ಉಪವಾಸವಿದ್ದು, ಧ್ವನಿಯೊಂದನ್ನು ಉಳಿಸು ಎಂದು ದೇವರನ್ನು ಬೇಡಿಕೊಂಡರು. ಅದು ಉಳಿಯಲಿಲ್ಲ.

ಆಪರೇಷನ್ ಆದಮೇಲೆ ಅವರು ಉಸಿರಾಡುತ್ತಿದ್ದುದು ಕತ್ತಿನ ತೂತಿನಿಂದ. ಮಾತಿಗೆಂದು ಗಂಟಲಿಗೆ ಒತ್ತಿ ಹಿಡಿಯುವ ಒಂದು ಯಂತ್ರ ಕೊಟ್ಟರು. ಅದರಲ್ಲಿ ಕನ್ನಡ ಮಾತಾಡಿದರೆ ಮಿಕ್ಸಿ ತಿರುಗಿಸಿದ ಹಾಗೆ ಕೇಳುತ್ತಿತ್ತು. ಅಂಗಡಿಗೆ, ಫೋನಿಗೆ ಅದು ಸಾಕಾಗುತ್ತಿತ್ತು. ಆ ಯಂತ್ರದಿಂದ ಪ್ರಾರ್ಥನೆ ಮಾತ್ರ ಮಾಡಲೊಲ್ಲೆ ಎಂದುಬಿಟ್ಟರು. ಒಂದು ಸಂಜೆ ಕಾರ್ ಗ್ಯಾರೇಜಿನಲ್ಲಿ ಸುಮ್ಮನೆ ಕೂತಿದ್ದವರನ್ನು ಚಹಾಕ್ಕೆ ಕರೆಯಲು ಹೋದೆ. ಯಂತ್ರ ಎತ್ತಿ ಗಂಟಲಿಗೆ ಹಿಡಿದರು.

"ಬಾಯಿ ಕೊಟ್ಟಾಂವ ಅವನ, ಕಸಗೊಂಡಾಂವ ಅವನ. ಇನ್ನ ನನ್ನಿಂದ ಅವಗೇನು ಕೆಲಸ ಐತಿ?"

ಅದು ಸಿಟ್ಟೋ ಅಳುವೋ ನನಗೆ ತಿಳಿಯಲಿಲ್ಲ. ಆ ಯಂತ್ರದಲ್ಲಿ ಎಲ್ಲವೂ ಒಂದೇ ಸ್ವರ. ಇಂಜಿನಿಯರ್ ಕೆಲಸ ಹೊಟ್ಟೆಪಾಡಿಗೆ, ನನ್ನನ್ನು ದೇವರು ಹುಟ್ಟಿಸಿದ್ದು ಇನ್ನೊಬ್ಬರಿಗಾಗಿ ಬಾಯಿಬಿಟ್ಟು ಬೇಡಲಿಕ್ಕೆ ಎಂದು ನಂಬಿದ್ದವರು ಅವರು. ಆ ನಂಬಿಕೆಯೇ ಕಿತ್ತುಹೋದ ಮೇಲೆ ಮನುಷ್ಯ ಊಟ ಮಾಡಿದರೂ ಉಣ್ಣದವನ ಹಾಗೆ ಇರುತ್ತಾನೆ.

ಸಮಾಧಾನ ಹೇಳಲು ಬಂದವರು, ಬೇಗ ಗೊತ್ತಾಯಿತಲ್ಲ, ಅದೇ ದೇವರ ಕೃಪೆ ಎನ್ನುತ್ತಿದ್ದರು. ಕೃಪೆಯಂತೆ ಕೃಪೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾನುವಾರ ನಾವು ಹೋಗುತ್ತಿದ್ದ ಇಂಗ್ಲಿಷ್ ಸಭೆಯಲ್ಲಿ ಪಾಸ್ಟರು ವಾರಗಟ್ಟಲೆ ಜೀವನದ ಉದ್ದೇಶದ ಬಗ್ಗೆಯೇ ಬೋಧಿಸಿದರು, ದೊಡ್ಡ ಪರದೆಯ ಮೇಲೆ ಸೂರ್ಯೋದಯದ ಚಿತ್ರ ಹಾಕಿ. ಕತ್ತಿಗೆ ಬಟ್ಟೆ ಸುತ್ತಿಕೊಂಡ ಇವರು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ಎದ್ದು ಹೋಗಿಬಿಡೋಣ ಅನ್ನಿಸುತ್ತಿತ್ತು ನನಗೆ.

ಆಮೇಲೆ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನ ಒಂದು ಮನೆಯಲ್ಲಿ ಕೂಟವಾಯಿತು. ಇವರು ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದರು, ನಾನೇ ಎಬ್ಬಿಸಿ ಕರೆದುಕೊಂಡು ಹೋದೆ. ಊಟದ ಹೊತ್ತಿಗೆ ಆ ಮನೆಯವರು ಪ್ರಾರ್ಥನೆಗೆ ಯಾರನ್ನು ಕೇಳುವುದೋ ತಿಳಿಯದೆ ಮುಜುಗರದಿಂದ ಅತ್ತಿತ್ತ ನೋಡಿದರು. ಅಷ್ಟರಲ್ಲಿ ಇವರು ಎದ್ದು ನಿಂತು ಕಣ್ಣು ಮುಚ್ಚಿದರು. ಎಲ್ಲರೂ ಮುಚ್ಚಿದರು. ತುಟಿ ಅಲುಗುತ್ತಿತ್ತು, ಸದ್ದಿಲ್ಲ. ಕೇಳಿಸುತ್ತಿದ್ದುದು ಫ್ರಿಜ್ಜಿನ ಗುಂಯ್ ಮಾತ್ರ. ಪ್ರಾರ್ಥನೆ ಮುಗಿಯಿತು. ಮುಗಿದದ್ದು ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಕಣ್ಣು ಮುಚ್ಚಿಕೊಂಡು ಆಮೆನ್‌ಗೆ ಕಾಯುತ್ತಿದ್ದರು. ಇವರೂ ಕಾಯುತ್ತಿದ್ದರು. ಒಂದು ಮಗು "ಈಸ್ ಇಟ್ ಓವರ್?" ಎಂದು ಅಮ್ಮನ ಸೆರಗು ಜಗ್ಗಿತು. ಇವರ ಮುಖ ಕೆಂಪಾಯಿತು.

ದೊಡ್ಡವರಲ್ಲಿ ಕಣ್ಣು ತೆರೆದಿದ್ದವಳು ನಾನೊಬ್ಬಳೇ. "ಆಮೆನ್" ಎಂದೆ, ಜೋರಾಗಿಯೇ. ಕೂಟದಲ್ಲಿ ಎಂದೂ ಬಾಯಿ ತೆರೆಯದವಳು. ಎಲ್ಲರೂ ಆಮೆನ್ ಎಂದರು, ಬಿಟ್ಟ ಉಸಿರಿನ ಹಾಗೆ. ವಾಪಸ್ ಬರುವಾಗ ಡ್ರೈವ್ ಮಾಡುತ್ತಿದ್ದವಳು ನಾನು. ಬಹಳ ದೂರ ಬಂದ ಮೇಲೆ ಅವರು ಯಂತ್ರ ಎತ್ತಿಕೊಂಡು "ಛಲೋ ಹಿಡದಿ" ಎಂದರು.

ಅಂದಿನಿಂದ ಅದೇ ನನ್ನ ಕೆಲಸ. ಎದುರಿಗೆ ನಿಂತು ತುಟಿ ನೋಡುವುದು, ಅದು ನಿಂತಾಗ ಆಮೆನ್ ಹೇಳುವುದು. ಮೊದಮೊದಲು ಮುಗಿದದ್ದಷ್ಟೇ ತಿಳಿಯುತ್ತಿತ್ತು. ನೋಡನೋಡುತ್ತ ಮಾತುಗಳೂ ಸಿಕ್ಕತೊಡಗಿದವು. ಆಶ್ಚರ್ಯವೆಂದರೆ ಆ ತುಟಿಗಳ ಮೇಲೆ ಬೈಬಲಿನ ಕನ್ನಡ ಇರಲೇ ಇಲ್ಲ. "ಅಪ್ಪಾ" ಎನ್ನುತ್ತಿದ್ದರು, ತುಟಿ ಕೂಡಿ ಬಿಡುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಅಪ್ಪಾ, ಆ ಹುಡುಗಗ ನೌಕರಿ ಕೊಡಪ್ಪಾ. ಕೇಳುವವರಿಲ್ಲ ಎಂದಾದ ಮೇಲೆ ಅವರು ದೇವರ ಜೊತೆ ಮನೆಮಾತು ಆಡತೊಡಗಿದ್ದರು. ಕ್ರಮೇಣ ಊಟವೂ ಸೇರಿತು, ನಗುವೂ ಬಂತು. ನಾನೇನೂ ಭಕ್ತೆಯಾಗಲಿಲ್ಲ. ಆದರೆ ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಅವರ ಮುಖವನ್ನು ಅಷ್ಟು ಹೊತ್ತು ನೋಡಿದವಳಲ್ಲ. ಕೃಪೆ ಎಂಬುದು ಅದೇ ಇರಬಹುದು ಎಂದು ಈಗ ಅನ್ನಿಸುತ್ತದೆ. ಆಗ ಹೊಳೆಯಲಿಲ್ಲ, ಅದೇ ಸಂಕಟ.

ಎರಡು ವರ್ಷದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂತು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಮೆತ್ತಗೆ ಹೇಳಿದರು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನರ್ಸ್ ಇಟ್ಟುಹೋದ ಸೂಪು ಹಾಗೇ ಇತ್ತು. ಅವರು ಕಣ್ಣು ಮುಚ್ಚಿದರು. ಊಟದ ಪ್ರಾರ್ಥನೆ ಎಂದುಕೊಂಡು ನಾನು ಮಂಚದ ಮೇಲೆ ಬಗ್ಗಿದೆ. ತುಟಿಗಳ ಮೇಲೆ ಮೊದಲು ಹುಡುಗರು ಬಂದರು, ವೀಸಾದವರು ಬಂದರು. ಆಮೇಲೆ ತುಟಿ ಅಗಲವಾಗಿ "ಈಕಿ" ಎಂದಿತು. ನಾಲ್ಕು ಜನರ ಮುಂದೆ ಹೆಂಡತಿಯ ಮಾತೆತ್ತಲು ಅವರಿಗೆ ಮೊದಲಿಂದಲೂ ನಾಚಿಕೆ. ಅಷ್ಟುದ್ದದ ಪ್ರಾರ್ಥನೆಗಳಲ್ಲಿ ಒಮ್ಮೆಯೂ ನಾನು ಬಂದಿರಲಿಲ್ಲ.

"ಅಪ್ಪಾ, ಈಕೀ ಕೈ ಬಿಡಬ್ಯಾಡ. ಭಾಳ ಸಿಟ್ಟಿನಾಕಿ. ಆಗಾಗ ನಗಸು."

ತುಟಿ ನಿಂತಿತು. ಕಣ್ಣು ತೆರೆದು ನನ್ನನ್ನೇ ನೋಡಿದರು. ಆಮೆನ್ ಎಂದರೆ ಹಾಗೆಯೇ ಆಗಲಿ ಎಂದು ಅರ್ಥ. ಹಾಗೆಯೇ ಆಗಲಿ ಎಂದರೆ ನೀವು ಹೋಗಿ, ನನ್ನನ್ನು ದೇವರು ನೋಡಿಕೊಳ್ಳಲಿ ಎಂದಂತೆ. ನನಗೆ ದೇವರು ನೋಡಿಕೊಳ್ಳುವುದು ಬೇಕಿರಲಿಲ್ಲ. ಇವರು ಬೇಕಿತ್ತು.

"ಇನ್ನೂ ಮುಗದಿಲ್ಲರೀ, ಮುಂದ ಹೇಳ್ರಿ" ಎಂದೆ.

ಅವರು ಇಲ್ಲವೆಂದು ತಲೆಯಾಡಿಸಿ ಕಾದರು. ಸೀಡರ್ ಪಾರ್ಕಿನಲ್ಲಿ ಕೆಂಪಾಗಿದ್ದ ಮುಖ ಈಗ ಶಾಂತವಾಗಿತ್ತು. ಅಷ್ಟೊಂದು ಮಂದಿಗಾಗಿ ಬೇಡಿದ ಮನುಷ್ಯನ ಕಡೆಯ ಬೇಡಿಕೆ ನನಗಾಗಿ, ಅದನ್ನು ಮುಗಿಸಿಕೊಡುವ ಬಾಯಿಯೂ ನನ್ನದೇ. ಮಂಚದ ಕಂಬಿ ಹಿಡಿದುಕೊಂಡು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅವರು ಕಾಯುತ್ತಲೇ ಇದ್ದರು.

"ಆಮೆನ್‌ರೀ, ಆಮೆನ್. ಆತಿಲ್ಲ? ಇನ್ನ ಮಲ್ಕೋರಿ."

ಅವರು ಮಲಗಿದರು. ಮರುದಿನ ಮಧ್ಯಾಹ್ನ, ನಾನು ಕೆಳಗೆ ಕಾಫಿ ತರಲು ಹೋಗಿದ್ದಾಗ ಉಸಿರು ನಿಂತಿತು.

ದೇವರು ನನ್ನ ಕೈ ಬಿಟ್ಟಿಲ್ಲ, ಒಪ್ಪಿಕೊಳ್ಳುತ್ತೇನೆ. ನಗಿಸುವುದೊಂದು ಮಾತ್ರ ಇನ್ನೂ ಬಾಕಿ ಇದೆ.